ದಾರಿಹೋಕನ ಪಾಲು

ಹೊಸ ಕಾರು ಮನೆಗೆ ಬಂದ ದಿನ ಗೃಹಸ್ಥನ ಸಂಭ್ರಮಕ್ಕೆ ಮೇರೆಯಿರುವುದಿಲ್ಲ. ಗಾಲಿಗಳಡಿಗೆ ನಿಂಬೆಹಣ್ಣು, ಮುಂಭಾಗಕ್ಕೆ ಹೂವಿನ ಹಾರ, ಯಾವುದಕ್ಕೂ ಲೋಪವಿಲ್ಲ. 2018ರ ಸೆಪ್ಟೆಂಬರಿನಿಂದೀಚೆಗೆ ಹೊಸ ಕಾರಿಗೆ ಮೂರು ವರ್ಷಗಳ ಕಡ್ಡಾಯ ವಿಮೆಯನ್ನು ಒಮ್ಮೆಗೇ ಮಾಡಿಸಬೇಕಾಗಿರುವುದರಿಂದ ಅಲ್ಲಿಯವರೆಗೆ ಚಿಂತೆಯಿಲ್ಲ. ಆಮೇಲೆಯೂ ಆಯುಧಪೂಜೆ ತಪ್ಪದು, ತಪ್ಪುವುದು ವಿಮೆ. “ಇಷ್ಟು ಕಟ್ಟಿದರೂ ಒಂದು ಕಾಸು ಮರಳಿ ಬರಲಿಲ್ಲ” ಎಂದು ಆತನ ಗೊಣಗು ಬೇರೆ!

ಮರಳಿ ಬರುವುದಾದರೂ ಹೇಗೆ? ಕಾನೂನು ಕಡ್ಡಾಯ ಮಾಡಿರುವ ವಿಮೆಯು ಕಾರಿಗಾಗಿ ಅಲ್ಲ. ಒಡೆಯನಿಗೆ ಮುಖಪರಿಚಯವೂ ಇಲ್ಲದ ದಾರಿಹೋಕನಿಗಾಗಿ. ಅವನನ್ನೇ ‘ಮೂರನೆಯ ವ್ಯಕ್ತಿ’ ಎನ್ನುವುದು. 1939ರ ಮೋಟಾರು ವಾಹನ ಕಾಯಿದೆಯಲ್ಲಿಯೇ ಈ ಏರ್ಪಾಡಿತ್ತು. ಈಗ 1988ರ ಕಾಯಿದೆಯ 146ನೆಯ ಕಲಮು ಅದನ್ನು ವಿಧಿಸುತ್ತದೆ.

ತಪ್ಪಿದವರಿಗೆ 196ನೆಯ ಕಲಮು ಕಾದಿದೆ. 2019ರ ತಿದ್ದುಪಡಿಯ ಪ್ರಕಾರ ಮೊದಲ ಅಪರಾಧಕ್ಕೆ 2,000 ರೂಪಾಯಿ ದಂಡ, ಮತ್ತೆ ಸಿಕ್ಕಿಬಿದ್ದರೆ 4,000. ಇಲ್ಲವೇ ಮೂರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ. ಓಡಿಸಿದವನಷ್ಟೇ ಅಲ್ಲ, ಓಡಿಸಲು ಬಿಟ್ಟವನೂ ಅಪರಾಧಿಯೇ. ಭಾವಮೈದುನ ಕೇಳಿದನೆಂದು ದಾಕ್ಷಿಣ್ಯಕ್ಕೆ ಬೀಗದ ಕೈ ಕೊಟ್ಟೆನೆಂಬ ಸಮಾಧಾನ ನ್ಯಾಯಾಲಯದಲ್ಲಿ ನಡೆಯದು. (ದಾಕ್ಷಿಣ್ಯದಿಂದ ಕೆಟ್ಟವರ ಪಟ್ಟಿ ಮೊದಲೇ ಉದ್ದವಾಗಿದೆ.)

ಲೆಕ್ಕ ಬಲ್ಲ ಗೃಹಸ್ಥನು ಇಲ್ಲಿ ಕೂಡಿಸಿ ಕಳೆಯತೊಡಗುವನು. 2022ರಲ್ಲಿ ಗೊತ್ತುಪಡಿಸಿದ ದರದಂತೆ, 1,000ಕ್ಕೆ ಮೇಲ್ಪಟ್ಟು 1,500 ಸಿ.ಸಿ.ವರೆಗಿನ ಕಾರಿಗೆ ಈ ವಿಮೆಯ ಕಂತು ವರ್ಷಕ್ಕೆ 3,416 ರೂಪಾಯಿ, ತೆರಿಗೆ ಬೇರೆ. ಹಾಗಾದರೆ ದಂಡವೇ ಅಗ್ಗವಾಯಿತಲ್ಲ!

ಆದರೆ ಈ ಲೆಕ್ಕದಲ್ಲಿ ದಾರಿಹೋಕನನ್ನು ಹಿಡಿದೇ ಇಲ್ಲ. ಚಾಲಕನ ಅಜಾಗ್ರತೆಯಿಂದ ದುಡಿಯುವ ಜೀವವೊಂದು ಹೋಯಿತೆನ್ನೋಣ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯು ಸತ್ತವನ ವಯಸ್ಸು, ಸಂಪಾದನೆ, ಅವನನ್ನು ನಂಬಿದ್ದವರ ಸಂಖ್ಯೆ ಇವನ್ನೆಲ್ಲ ನೋಡಿ ಪರಿಹಾರವನ್ನು ಗೊತ್ತುಮಾಡುತ್ತದೆ. ಅದು ಎಷ್ಟೋ ವೇಳೆ ಹಲವು ಲಕ್ಷಗಳಿಗೆ ಏರುವುದುಂಟು. ವಿಮೆಯಿದ್ದರೆ ಕಂಪೆನಿ ತೆರುತ್ತದೆ. ಇಲ್ಲದಿದ್ದರೆ ಆ ಹೊರೆ ಗಾಡಿಯ ಒಡೆಯನ ತಲೆಯ ಮೇಲೆ. ಆತನು ಕೊಡದಿದ್ದಲ್ಲಿ ಜಿಲ್ಲಾಧಿಕಾರಿಗಳ ಮೂಲಕ ಭೂಕಂದಾಯದ ಬಾಕಿಯಂತೆ ವಸೂಲು ಮಾಡಲು ಕಾಯಿದೆಯಲ್ಲಿ ಅವಕಾಶವಿದೆ. ಸಾಲ ಮಾಡಿ ಕಟ್ಟಿಸಿದ ಮನೆಯೂ ಆಗ ಕ್ಷೇಮವಲ್ಲ.

ಇಷ್ಟಾಗಿಯೂ ವಸೂಲು ಮಾಡಲು ಒಡೆಯನಲ್ಲಿ ಏನಾದರೂ ಇರಬೇಕು. ಇಲ್ಲದೆಹೋದರೆ, ಗಂಡನನ್ನು ಕಳೆದುಕೊಂಡ ಹೆಂಗಸಿನ ಕೈಯಲ್ಲಿ ಉಳಿಯುವುದು ತೀರ್ಪಿನ ನಕಲು ಮಾತ್ರ. ಜೂನ್ ತಿಂಗಳಲ್ಲಿ ಮಕ್ಕಳ ಶಾಲೆಯ ಫೀಜಿಗೆ ಅದನ್ನು ಯಾರೂ ತೆಗೆದುಕೊಳ್ಳುವುದಿಲ್ಲ.