ಗಣಕಕ್ಕೂ ಜಾತಕ ಬೇಕು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ನಮ್ಮ ಹಿರಿಯರು ಇಂದು ಇದ್ದಿದ್ದರೆ, ಆಟದ ಕಂಪ್ಯೂಟರ್ ಜೋಡಿಸಿ ನೋಡು ಎಂಬ ಮೂರನೆಯ ಮಾತನ್ನೂ ಸೇರಿಸುತ್ತಿದ್ದರೋ ಏನೋ! ಈ ಸಾಹಸಕ್ಕೆ ಮನೆ ಕಟ್ಟುವವನ ಲೆಕ್ಕಾಚಾರವೂ ಬೇಕು, ಸಂಬಂಧ ಹುಡುಕುವವನ ತಾಳ್ಮೆಯೂ ಬೇಕು. 2024ರಲ್ಲಿ ತಂಗಿಯ ಮಗನ ಬೆನ್ನ ಹಿಂದೆ ಅಲೆದು ನಾನು ಕಲಿತ ವಿದ್ಯೆ ಇದು.

ಹುಡುಗನಿಗೆ ಬುದ್ಧಿ ಹೇಳಲೆಂದೇ ತಂಗಿ ನನ್ನನ್ನು ಕರೆಸಿದ್ದಳು. ಎರಡು ವರ್ಷ ಸಂಜೆಯ ಹೊತ್ತು ಮಕ್ಕಳಿಗೆ ಗಣಿತದ ಪಾಠ ಹೇಳಿ ಅವನು 90,000 ರೂಪಾಯಿ ಕೂಡಿಸಿದ್ದ. “ಅಷ್ಟನ್ನೂ ಆಟದ ಪೆಟ್ಟಿಗೆಗೆ ಸುರಿಯುತ್ತಾನಂತೆ. ತಂದೆಯಿಲ್ಲದ ಹುಡುಗ, ನನ್ನ ಮಾತು ಹಿಡಿಸುವುದಿಲ್ಲ. ನೀನಾದರೂ ಹೇಳಣ್ಣ” ಎಂದಳು. ಬುದ್ಧಿ ಹೇಳುವ ಮೊದಲು ಲೆಕ್ಕ ನೋಡುವುದು ನ್ಯಾಯವೆಂದು ಅವನ ಟಿಪ್ಪಣಿ ಪುಸ್ತಕವನ್ನು ಕೇಳಿ ಪಡೆದೆ.

ಅದರ ಮೊದಲ ಸಾಲಿನಲ್ಲಿ ಯಾವ ಬಿಡಿಭಾಗದ ಹೆಸರೂ ಇರಲಿಲ್ಲ. ಯಾವ ಆಟ, ಎಂಥ ಪರದೆ ಎಂಬ ಪ್ರಶ್ನೆಯಿತ್ತು. “ಪರದೆಯಿಂದ ಹಿಂದಕ್ಕೆ ಎಣಿಸಿಕೊಂಡು ಬರಬೇಕು ಮಾವ” ಎಂದ. 1920 ಅಡ್ಡ, 1080 ಉದ್ದ ಚುಕ್ಕಿಗಳ ಪರದೆ. ಅದರ ಚಿತ್ರ ಸೆಕೆಂಡಿಗೆ 144 ಸಲ ಬದಲಾಗಬಲ್ಲದು. ಅಷ್ಟು ಚಿತ್ರಗಳನ್ನು ಬರೆದುಕೊಡುವುದು ಗ್ರಾಫಿಕ್ಸ್ ಕಾರ್ಡಿನ ಕೆಲಸ. ಆದ್ದರಿಂದ ಹಣದ ದೊಡ್ಡ ಪಾಲು ಅದಕ್ಕೆ. 2023ರಲ್ಲಿ ಬಂದ ಆರ್‌ಟಿಎಕ್ಸ್ 4060 ಅವನ ಆಯ್ಕೆ. ಅದೇ ವರ್ಷದ ಆರು ಕೋರುಗಳ ರೈಜನ್ 5 7600 ಪ್ರೊಸೆಸರು ಅದಕ್ಕೆ ಜೊತೆ.

ಜಾತಕ ನೋಡುವ ಕೆಲಸ ಇಲ್ಲಿಂದ ಮುಂದೆ. ಈ ಪ್ರೊಸೆಸರು ಕೂರುವುದು ಎಎಂ5 ಸಾಕೆಟ್ಟಿರುವ ಮದರ್‌ಬೋರ್ಡಿನಲ್ಲಿ ಮಾತ್ರ. ಹಿಂದಿನ ಎಎಂ4 ಬೋರ್ಡಿಗೆ ಅದರ ಗೋತ್ರವೇ ಬೇರೆ. ಆ ಬೋರ್ಡೋ ಡಿಡಿಆರ್5 ರ‍್ಯಾಮನ್ನಲ್ಲದೆ ಬೇರೊಂದನ್ನು ಒಲ್ಲದು; ಡಿಡಿಆರ್4ರ ಕಚ್ಚು ಬೇರೆ ಜಾಗದಲ್ಲಿರುವುದರಿಂದ ಒತ್ತಿದರೂ ಒಳಗೆ ಹೋಗದು. 16 ಜಿಬಿಯ ಒಂದೇ ಪಟ್ಟಿಯ ಬದಲು 8ರ ಎರಡು ಪಟ್ಟಿಗಳನ್ನು ಅವನು ಬರೆದುಕೊಂಡಿದ್ದ. ಎರಡು ದಾರಿಗಳಲ್ಲಿ ಒಟ್ಟಿಗೆ ಮಾಹಿತಿ ಹರಿದರೆ ಕೆಲಸ ಚುರುಕಂತೆ. ಜೋಡಿ ಎತ್ತಿನ ಬೇಸಾಯ ಕಂಡ ನನಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ.

ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆ, ಜನರ ಬಾಯಲ್ಲಿ ಎಸ್.ಪಿ. ರೋಡ್, ಇಂಥ ಸಾಮಾನುಗಳ ಪೇಟೆ. ಅಲ್ಲಿ ಅಂಗಡಿಯವರೊಬ್ಬರು ಬಣ್ಣಬಣ್ಣದ ದೀಪ ಕುಣಿಯುವ ಗಾಜಿನ ಕ್ಯಾಬಿನೆಟ್ಟನ್ನು ತೋರಿಸಿ, ಅದರ ಹೆಚ್ಚುವರಿ ಬೆಲೆಯನ್ನು ಹೆಸರಿಲ್ಲದ ಅಗ್ಗದ ಪವರ್ ಸಪ್ಲೈಯಲ್ಲಿ ಸರಿದೂಗಿಸೋಣವೆಂದರು. ಹುಡುಗನ ಕಣ್ಣು ಆ ದೀಪಗಳ ಮೇಲೆ ಅರೆಗಳಿಗೆ ನಿಂತದ್ದನ್ನು ನಾನು ಕಂಡೆ. ಆದರೂ, “ಬೇಡ, ಕರಿಯ ಜಾಲರಿಯದೇ ಕೊಡಿ, ಗಾಳಿಯಾಡಿದರೆ ಸಾಕು. ಪವರ್ ಸಪ್ಲೈ ಮಾತ್ರ ಒಳ್ಳೆಯದಿರಲಿ” ಎಂದ. ಕಾರ್ಡಿಗೆ 115 ವ್ಯಾಟ್, ಪ್ರೊಸೆಸರಿಗೆ 65. ಮತ್ತೆ 550 ವ್ಯಾಟಿನದು ಏಕೆಂದು ಕೇಳಿದೆ. ಬೇಡಿಕೆ ಒಮ್ಮೊಮ್ಮೆ ದಿಢೀರನೆ ಏರುತ್ತದೆ, ನಾಳೆ ದೊಡ್ಡ ಕಾರ್ಡು ಬಂದರೂ ತಡೆಯಬೇಕು. ಇದು ಕೆಟ್ಟರೆ ಉಳಿದವನ್ನೂ ಕೆಡಿಸೀತು ಎಂದ. ಕಣ್ಣಿಗೆ ಕಾಣುವುದನ್ನು ಬಿಟ್ಟು ಕಾಣದ್ದಕ್ಕೆ ಹಣ ತೆರುವ ಹುಡುಗನಿಗೆ ನಾನು ಹೇಳಬೇಕಾದ ಬುದ್ಧಿ ಏನೂ ಉಳಿದಿರಲಿಲ್ಲ.

ಭಾನುವಾರ ಊಟದ ಮೇಜಿನ ಮೇಲೆಯೇ ಜೋಡಣೆ ನಡೆಯಿತು. ಗುಂಡಿ ಒತ್ತಿದಾಗ ಫ್ಯಾನುಗಳು ತಿರುಗಿದವು; ಪರದೆ ಮಾತ್ರ ಕತ್ತಲು. ಒಂದು ನಿಮಿಷವಾಯಿತು, ಎರಡಾಯಿತು. “ಎರಡು ವರ್ಷದ ದುಡಿಮೆ!” ಎಂದು ತಂಗಿ ಸೆರಗಿನ ತುದಿಯನ್ನು ಹಿಂಡಿದಳು. “ಮೊದಲ ಸಲ ರ‍್ಯಾಮಿನೊಡನೆ ಹೊಂದಿಕೊಳ್ಳಲು ಹೊತ್ತು ಹಿಡಿಯುತ್ತದಮ್ಮ. ಆರಿಸಬಾರದು, ಕಾಯಬೇಕು” ಎಂದ ಹುಡುಗನ ಹಣೆಯಲ್ಲೂ ಬೆವರಿತ್ತು. ಅವಳು ಮಾತಾಡದೆ ಅವನ ಪಕ್ಕದ ಕುರ್ಚಿ ಎಳೆದು ಕುಳಿತಳು. ಪರದೆ ಬೆಳಗಿದಾಗ ಮೊದಲು ಚಪ್ಪಾಳೆ ತಟ್ಟಿದವಳು ಅವಳೇ.

ಈಗಲೂ ತಂಗಿ ಅದನ್ನು ಆಟದ ಪೆಟ್ಟಿಗೆಯೆಂದೇ ಕರೆಯುತ್ತಾಳೆ. ಆದರೆ ನೆಂಟರು ಬಂದಾಗ ಅದರ ಧೂಳು ಒರೆಸುವ ನೆಪದಲ್ಲಿ, “ನಮ್ಮ ಹುಡುಗನೇ ಜೋಡಿಸಿದ್ದು” ಎನ್ನುವುದನ್ನು ಮಾತ್ರ ಮರೆಯುವುದಿಲ್ಲ.