ಕೆಟ್ಟ ಮೇಲೆ ನಾದ ಬಂತು

ಎಲೆಕ್ಟ್ರಿಕ್ ಗಿಟಾರ್ ನುಡಿಸುವವರು ಇಬ್ಬರು ಒಂದೆಡೆ ಸೇರಿದರೆ ಮಾತು ಹಾಡಿನ ಮೇಲೆ ಹೋಗುವುದು ಕಡಿಮೆ, ಟೋನ್ ಮೇಲೆ, ಅಂದರೆ ನಾದದ ಬಣ್ಣದ ಮೇಲೆ, ಹೋಗುವುದೇ ಹೆಚ್ಚು. ಮದುವೆಮನೆಯಲ್ಲಿ ಹಿರಿಯರು ಸಕ್ಕರೆ ಕಾಯಿಲೆಗೆ ಔಷಧಿ ಹೇಳುವ ಹುರುಪಿನಲ್ಲೇ ಇವರು ಒಬ್ಬರಿಗೊಬ್ಬರು ಟೋನಿಗೆ ಮದ್ದು ಹೇಳುತ್ತಾರೆ. ಪಿಕಪ್ ಬದಲಿಸು, ಆಂಪ್ ಬದಲಿಸು, ಮರವೇ ಸರಿಯಿಲ್ಲ, ಗಿಟಾರನ್ನೇ ಬದಲಿಸು. ನನ್ನ ಅಕ್ಕನ ಮಗ ಈ ಪಂಥಕ್ಕೆ ಸೇರಿದವನು. ಅವನ ಕೋಣೆಯ ನೆಲದ ತುಂಬ ದನಿ ಬದಲಿಸಲು ಕಾಲಿನಿಂದ ಒತ್ತುವ ಪೆಡಲ್‌ಗಳು. ಹೋದವರು ನೀರು ದಾಟುವವರಂತೆ ಪಂಚೆ ಎತ್ತಿಕೊಂಡೇ ನಡೆಯಬೇಕು. ಆದರೂ "ಆ ಟೋನ್ ಇನ್ನೂ ಬರ್ತಿಲ್ಲ ಮಾಮ" ಎಂಬ ಕೊರಗು ತಪ್ಪಿಲ್ಲ. ಯಾವ ಟೋನಪ್ಪಾ ಎಂದರೆ, ಅವನು ಹುಟ್ಟುವುದಕ್ಕೆ ಎಷ್ಟೋ ಮೊದಲು ಇಂಗ್ಲೆಂಡಿನಲ್ಲಿ ಯಾರೋ ನುಡಿಸಿದ್ದು.

ನಾನು ವೀಣೆ ಕೇಳಿಕೊಂಡು ಬೆಳೆದವನು. ಹಲಸಿನ ಮರದ ಟೊಳ್ಳು ಕೊಡ, ತಂತಿ ಮೀಟಿದರೆ ಮರವೇ ಮಾತಾಡುತ್ತದೆ. ಇವರದು ಸಾಮಾನ್ಯವಾಗಿ ಗಟ್ಟಿ ಹಲಗೆ. ಕರೆಂಟ್ ಹೋದಾಗ ನುಡಿಸಿದರೆ ಪಕ್ಕದ ಕೋಣೆಯವರಿಗೂ ತೊಂದರೆಯಿಲ್ಲ. ಇದರ ಜೀವವಿರುವುದು ತಂತಿಗಳ ಕೆಳಗೆ ಕೂತ ಪಿಕಪ್‌ನಲ್ಲಿ. ಅದರೊಳಗೆ ಅಯಸ್ಕಾಂತ, ಸುತ್ತಲೂ ಕೂದಲಿನಷ್ಟು ತೆಳುವಾದ ತಾಮ್ರದ ಎಳೆ ಸಾವಿರಾರು ಸುತ್ತು. ಮೇಲೆ ಉಕ್ಕಿನ ತಂತಿ ನಡುಗಿದಂತೆಲ್ಲ ಸುರುಳಿಯಲ್ಲಿ ಚೂರು ವಿದ್ಯುತ್ತು ಹುಟ್ಟುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡ ಸಂಗತಿಯೇ ಇದು. ಸುತ್ತು ಹೆಚ್ಚಾದರೆ ದನಿ ಜೋರಾಗುತ್ತದೆ, ಹೊಳಪು ಕುಗ್ಗುತ್ತದೆ. ಪಿಕಪ್ ಬ್ರಿಡ್ಜಿನ ಹತ್ತಿರವಿದ್ದರೆ ನಾದ ಚೂಪು, ಕತ್ತಿನ ಹತ್ತಿರವಿದ್ದರೆ ಗುಂಡಗೆ. ಗಿಟಾರಿನಿಂದ ದನಿ ಹಿಗ್ಗಿಸುವ ಆಂಪಿಗೆ ಹೋಗುವ ವೈರು ತೀರ ಉದ್ದವಾದರೂ ಮೇಲಿನ ಹೊಳಪು ದಾರಿಯಲ್ಲೇ ಸೋರಿಹೋಗುತ್ತದೆ.

ಇಲ್ಲಿಯವರೆಗೆ ಎಲ್ಲವೂ ಲೆಕ್ಕಾಚಾರ. 1954ರಲ್ಲಿ ಸ್ಟ್ರಾಟೋಕಾಸ್ಟರ್ ಗಿಟಾರನ್ನು ಮಾರುಕಟ್ಟೆಗೆ ತಂದ ಲಿಯೋ ಫೆಂಡರ್ ಮೊದಲು ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದವರು. ಸ್ವತಃ ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಮೂರು ಪಿಕಪ್ ಇಟ್ಟರು, ಒಂದೊಂದಕ್ಕೆ ಒಂದರಂತೆ ಮೂರು ಸ್ಥಾನದ ಸ್ವಿಚ್ ಇಟ್ಟರು. ನುಡಿಸುವವರು ಸುಮ್ಮನಿರಬೇಕಲ್ಲ? ಆ ಸ್ವಿಚ್ಚನ್ನು ಎರಡು ಸ್ಥಾನಗಳ ನಡುವೆ ನಾಜೂಕಾಗಿ ಸಿಕ್ಕಿಸಿ ನಿಲ್ಲಿಸಿದರು. ಎರಡು ಪಿಕಪ್ ಒಟ್ಟಿಗೆ ಬಾಯಿ ತೆರೆದಾಗ ಸ್ವಲ್ಪ ಮೂಗಿನ, ಸ್ವಲ್ಪ ಟೊಳ್ಳಾದ ಹೊಸ ದನಿಯೊಂದು ಬಂತು. ಕಂಪನಿ ಐದು ಸ್ಥಾನದ ಸ್ವಿಚ್ ಕೊಟ್ಟದ್ದು 1977ರಲ್ಲಿ. ಅಷ್ಟರಲ್ಲಿ ಗಿರಾಕಿಗಳು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ತಪ್ಪು ಜಾಗದಲ್ಲೇ ನುಡಿಸಿ ಮುಗಿಸಿದ್ದರು.

ಆಂಪ್ ಮಾಡಿದವರಿಗೂ ಇದೇ ಗತಿ. ದನಿ ಒಡೆಯಬಾರದು, ಶುದ್ಧವಾಗಿ ಹೊಮ್ಮಬೇಕು ಎಂದು ಅವರ ತಪಸ್ಸು. ಅಮೆರಿಕದ ಲಿಂಕ್ ರೇ ಪೆನ್ಸಿಲಿನಿಂದ ಸ್ಪೀಕರಿಗೆ ತೂತು ಹೊಡೆದು 1958ರಲ್ಲಿ ‘ರಂಬಲ್’ ನುಡಿಸಿದ. ಒಂದೇ ಒಂದು ಪದವಿಲ್ಲದ ಆ ಸಂಗೀತ ಹುಡುಗರನ್ನು ಬೀದಿಜಗಳಕ್ಕೆ ಕೆರಳಿಸೀತೆಂದು ಕೆಲವು ರೇಡಿಯೋ ಕೇಂದ್ರಗಳು ಅದನ್ನು ಹಾಕಲೇ ಇಲ್ಲ. ಲಂಡನ್ನಿನ ಕಿಂಕ್ಸ್ ತಂಡದ ಡೇವ್ ಡೇವಿಸ್ ತನ್ನ ಪುಟ್ಟ ಆಂಪಿನ ಸ್ಪೀಕರನ್ನು ಬ್ಲೇಡಿನಿಂದ ಸೀಳಿದ. 1964ರ ‘ಯು ರಿಯಲಿ ಗಾಟ್ ಮಿ’ ಹಾಡಿನ ಗುರುಗುಟ್ಟುವಿಕೆ ಅಲ್ಲಿಂದಲೇ ಬಂದದ್ದು.

ನ್ಯಾಶ್‌ವಿಲ್ಲಿನಲ್ಲಿ ಬ್ಲೇಡೂ ಬೇಕಾಗಲಿಲ್ಲ. ಮಾರ್ಟಿ ರಾಬಿನ್ಸ್ ಹಾಡಿದ ‘ಡೋಂಟ್ ವರಿ’ಯ ಧ್ವನಿಮುದ್ರಣದಲ್ಲಿ ಮಿಕ್ಸಿಂಗ್ ಯಂತ್ರದ ಒಂದು ಭಾಗ ಕೆಟ್ಟು, ಗ್ರೇಡಿ ಮಾರ್ಟಿನ್ ನುಡಿಸುತ್ತಿದ್ದ ಬೇಸ್ ಗಿಟಾರ್ ಕಣಜದಂತೆ ಗುಂಯ್‌ಗುಟ್ಟಿತು. ಅದನ್ನು ಹಾಗೇ ಬಿಟ್ಟು 1961ರಲ್ಲಿ ರೆಕಾರ್ಡ್ ಹೊರತಂದರು, ಹಾಡು ಗೆದ್ದಿತು. ಆ ಕೆಡುಕನ್ನು ಬೇಕೆಂದಾಗ ತರಿಸುವ ಸರ್ಕ್ಯೂಟನ್ನು ಎಂಜಿನಿಯರ್ ಗ್ಲೆನ್ ಸ್ನಾಡಿ ಕಟ್ಟಿದರು. 1962ರಲ್ಲಿ ಅದು ಮೇಸ್ಟ್ರೋ ಫಜ್‌ಟೋನ್ ಎಂಬ ಹೆಸರಿನ ಪೆಡಲ್ ಆಗಿ ಅಂಗಡಿಗೆ ಬಂತು. 1965ರಲ್ಲಿ ರೋಲಿಂಗ್ ಸ್ಟೋನ್ಸ್‌ನ ‘ಸ್ಯಾಟಿಸ್‌ಫ್ಯಾಕ್ಷನ್’ ಮೂಲಕ ಜಗತ್ತಿನ ಕಿವಿಗೆ ಬಿತ್ತು. ಅಕ್ಕನ ಮಗನ ಕೋಣೆಯಲ್ಲಿ ನನ್ನ ಕಾಲಿಗೆ ಸಿಗುವ ಡಬ್ಬಿಗಳಲ್ಲಿ ಅರ್ಧ ಇದರ ಸಂತಾನವೇ.

ಆದರೆ ಡಬ್ಬಿಯಲ್ಲಿ ತುಂಬಲಾಗದ್ದೂ ಉಂಟು. ಬರ್ಮಿಂಗ್‌ಹ್ಯಾಮಿನ ಗಿಟಾರ್ ವಾದಕ ಟೋನಿ ಅಯೋಮಿ ತಗಡಿನ ಕಾರ್ಖಾನೆಯ ಯಂತ್ರಕ್ಕೆ ಬಲಗೈಯ ಎರಡು ಬೆರಳತುದಿ ಕಳೆದುಕೊಂಡಾಗ ಹದಿಹರೆಯದ ಹುಡುಗ. ಎಡಚನಾದ್ದರಿಂದ ತಂತಿ ಒತ್ತಬೇಕಾದ ಕೈ ಅದೇ. ಪಾತ್ರೆ ತೊಳೆಯುವ ಸೋಪಿನ ಪ್ಲಾಸ್ಟಿಕ್ ಬಾಟಲಿ ಕರಗಿಸಿ, ಉಜ್ಜಿ ಬೆರಳಿಗೆ ಟೋಪಿ ಮಾಡಿಕೊಂಡ. ಜಾರದಿರಲೆಂದು ಹಳೆಯ ಜಾಕೆಟ್ಟಿನ ಚರ್ಮ ಅಂಟಿಸಿದ. ಆ ಬೆರಳಿಗೆ ಸ್ಪರ್ಶವಿಲ್ಲ, ದಪ್ಪ ತಂತಿ ಒತ್ತಿದರೆ ನೋವು. ಹಾಗಾಗಿ ಬ್ಯಾಂಜೋದ ತೆಳು ತಂತಿ ಕಟ್ಟಿದ, ಮುಂದೆ ಶ್ರುತಿಯನ್ನೇ ಇಳಿಸಿದ. ಅವನ ಬ್ಲ್ಯಾಕ್ ಸಬಾತ್ ತಂಡದ 1971ರ ಆಲ್ಬಮ್ಮಿನ ಕೆಲವು ಹಾಡುಗಳಲ್ಲಿ ಅದು ಒಂದೂವರೆ ಸ್ವರ ಕೆಳಗಿಳಿದಿತ್ತು. ಹೆವಿ ಮೆಟಲ್ಲಿನ ಆ ಭಾರವಾದ ನಾದವನ್ನು ಬೆಳೆಸಿದ್ದರಲ್ಲಿ ಬೆರಳ ನೋವಿನ ಪಾಲೂ ಇದೆ.

ಅಮೆರಿಕದ ಬ್ಲೂಸ್ ಗಿಟಾರ್ ವಾದಕ ಬಿ.ಬಿ. ಕಿಂಗ್ ಅವರಿಗೆ ಬಂಧು ಬುಕ್ಕಾ ವೈಟ್‌ನಂತೆ ತಂತಿಯ ಮೇಲೆ ಸ್ಲೈಡ್ ಎಂಬ ಕೊಳವೆ ಜಾರಿಸಿ ನುಡಿಸುವ ಆಸೆ. ಅದು ಕೈಗೆ ಹತ್ತಲಿಲ್ಲ. ಬೆರಳನ್ನು ತಂತಿಯ ಮೇಲಿಟ್ಟು ಮಣಿಕಟ್ಟನ್ನೇ ಅಲುಗಿಸಿದರು. ಮುಂದೆ ಒಂದು ಸ್ವರ ಕೇಳಿದರೆ ಸಾಕು, ಯಾರೆಂದು ಗೊತ್ತಾಗುತ್ತಿತ್ತು. ತಂತಿಯನ್ನು ಪಕ್ಕಕ್ಕೆಳೆದು ಗಮಕ ತೆಗೆಯುವ ವೈಣಿಕರಿಗೆ ಇದನ್ನು ವಿವರಿಸಬೇಕಿಲ್ಲ.

ಇಷ್ಟನ್ನೂ ಕೇಳಿಸಿಕೊಂಡ ಅಕ್ಕನ ಮಗ "ಹಾಗಾದ್ರೆ ಸ್ಪೀಕರ್ ಹರೀಲಾ ಮಾಮ?" ಅಂದ. ಬೇಡ. ಹರಿದವರೆಲ್ಲ ತಮಗೆ ಬೇಕಾದದ್ದು ಅಂಗಡಿಯಲ್ಲಿ ಸಿಗದೆ ಹರಿದವರು. ಇನ್ನೊಬ್ಬನ ಹರಕನ್ನು ದುಡ್ಡು ಕೊಟ್ಟು ತಂದರೆ ಅವನ ದನಿಯ ನೆರಳು ಸಿಕ್ಕೀತು, ಅಷ್ಟೆ. ಕೈಯಿಂದಲೇ ಆಗುವ ಕೆಲಸ ಎಷ್ಟೋ ಬಾಕಿ ಇರುತ್ತದೆ. ಗುರುಗುಟ್ಟುವ ಆಂಪನ್ನು ಹಾಗೇ ಬಿಟ್ಟು ಗಿಟಾರಿನ ವಾಲ್ಯೂಮ್ ಒಂದಿಷ್ಟು ಇಳಿಸಿದರೆ ದನಿ ತಿಳಿಯಾಗುತ್ತದೆ. ಮೀಟುವ ಜಾಗ ಎರಡು ಬೆರಳಿನಷ್ಟು ಸರಿದರೆ ಬಣ್ಣ ಬದಲಾಗುತ್ತದೆ. ಇದಕ್ಕೆ ಕಾಸು ಖರ್ಚಿಲ್ಲ.

ನಿಮ್ಮ ಮನೆಯಲ್ಲೂ ಮಗನೋ ಮಗಳೋ ಇನ್ನೊಂದು ಪೆಡಲ್ ಬೇಕೆಂದು ಬಂದು ನಿಂತರೆ ಎರಡೇ ಪ್ರಶ್ನೆ ಕೇಳಿ: ತಂತಿ ಬದಲಿಸಿ ಎಷ್ಟು ಕಾಲವಾಯಿತು? ವಾಲ್ಯೂಮ್ ನಾಬನ್ನು ಕೊನೆಯ ಸಲ ಮುಟ್ಟಿದ್ದು ಯಾವಾಗ? ಸರಿಯಾದ ಉತ್ತರ ಬರುವತನಕ ಪರ್ಸು ತೆಗೆಯಬೇಡಿ.