ಗೋಡೆಯ ಮೇಲಣ ಬಿಂದು

ನಮ್ಮ ಓದುವ ಕೊಠಡಿಯ ಪೂರ್ವದ ಗೋಡೆಯಲ್ಲಿ ಎರಡು ವರ್ಷಗಳಿಂದ ಒಂದು ಚಿತ್ರವು ತೂಗುತ್ತಿರುವುದು. ಸಯ್ಯದ್ ಹೈದರ್ ರಝಾ ಎಂಬ ಚಿತ್ರಕಾರರ ‘ಬಿಂದು’ ಚಿತ್ರಗಳಲ್ಲೊಂದರ ಅಚ್ಚಿನ ಪ್ರತಿ. ದೆಹಲಿಯಿಂದ ಅಳಿಯಂದಿರು ತಂದುಕೊಟ್ಟುದು. ಅದರಲ್ಲಿ ದೇವರಿಲ್ಲ, ಮನುಷ್ಯನಿಲ್ಲ, ಮರವೂ ಇಲ್ಲ. ನಡುವೆ ಒಂದು ಕರಿಯ ದುಂಡು. ಸುತ್ತಲೂ ಕೆಂಪು, ಹಳದಿಯ ಪಟ್ಟಿಗಳು. “ಗ್ರಹಣ ಹಿಡಿದ ಹಾಗಿದೆ, ಇಳಿಸಿಬಿಡಿ” ಎಂದು ನಮ್ಮ ಗೃಹಿಣಿಯು ಮೊದಲ ವಾರವೇ ಹೇಳಿದಳು. ನಮಗೂ ಹಾಗೆಯೇ ತೋರಿತ್ತು; ಅಳಿಯಂದಿರ ಮುಖ ನೋಡಿ ಸುಮ್ಮನಾದೆವು. ಬಿಂದುವೆಂದರೆ ನಮಗೆ ಅನುಸ್ವಾರ. ಅದನ್ನು ಮರೆತ ಹುಡುಗರ ಪುಸ್ತಕಗಳಲ್ಲಿ ಮೂವತ್ತು ವರ್ಷ ಕೆಂಪು ಗೆರೆ ಎಳೆದವರು ನಾವು!

ಆಮೇಲೆ ಆ ಚಿತ್ರಕಾರರ ವೃತ್ತಾಂತವನ್ನು ಓದಿದೆವು. 1922ರಲ್ಲಿ, ಆಗಿನ ಮಧ್ಯಪ್ರಾಂತದ ಮಂಡ್ಲಾ ಜಿಲ್ಲೆಯಲ್ಲಿ, ಅರಣ್ಯ ಇಲಾಖೆಯ ನೌಕರರೊಬ್ಬರ ಮಗನಾಗಿ ಅವರು ಹುಟ್ಟಿದರು. ಪಾಠದಲ್ಲಿ ಮನಸ್ಸು ನಿಲ್ಲದ ಬಾಲಕ. ಒಂದು ದಿನ ಉಪಾಧ್ಯಾಯರು ಗೋಡೆಯ ಮೇಲೆ ಒಂದು ಚುಕ್ಕೆಯನ್ನಿಟ್ಟು, ಅದನ್ನೇ ನೋಡುತ್ತ ಕುಳಿತಿರುವಂತೆ ಹೇಳಿದರಂತೆ. 1950ರಲ್ಲಿ ಫ್ರಾನ್ಸಿಗೆ ಹೋಗಿ ಅರುವತ್ತು ವರ್ಷ ಅಲ್ಲಿ ನೆಲಸಿದರೂ ಆ ಚುಕ್ಕೆಯು ಅವರನ್ನು ಬಿಡಲಿಲ್ಲ.

ಇದನ್ನು ಓದಿದ ರಾತ್ರಿ ನಮಗೆ ನಿದ್ರೆ ಬಾರದು. ನಮ್ಮ ತರಗತಿಯಲ್ಲಿಯೂ ಅಂಥವನೊಬ್ಬನಿದ್ದನು. ಶಬ್ದರೂಪಗಳನ್ನು ಹೇಳಿಕೊಡುವಾಗ ಕಿಟಕಿಯ ಹೊರಗೆ ನೋಡುವನು. ನಾವೂ ಅವನನ್ನು ಗೋಡೆಗೆ ಮುಖಮಾಡಿಸಿ ನಿಲ್ಲಿಸುತ್ತಿದ್ದೆವು. ಆ ಗೋಡೆಯಲ್ಲಿ ಚುಕ್ಕೆಯಿರಲಿಲ್ಲ. ದಸರೆಯ ರಜೆಯ ಬಳಿಕ ಅವನು ಶಾಲೆಗೆ ಬರಲಿಲ್ಲ.

ಕಳೆದ ಮಾಘದಲ್ಲಿ ಕಾಶಿಯಿಂದ ಹಿಂದಿರುಗುವಾಗ ನಾವಿಬ್ಬರೂ ಜಬ್ಬಲಪುರದಲ್ಲಿ ಇಳಿದು, ಸುಮಾರು ನೂರು ಕಿಲೋಮೀಟರು ಬಸ್ಸಿನಲ್ಲಿ ಸಾಗಿ ಮಂಡ್ಲಾ ಪಟ್ಟಣವನ್ನು ಸೇರಿದೆವು. ನರ್ಮದೆಯು ಆ ಊರನ್ನು ಮೂರು ಕಡೆಯಿಂದ ಬಳಸಿ ಹರಿಯುವಳು. ಚಳಿಯಲ್ಲಿಯೇ ಸ್ನಾನವಾಯಿತು. ರಝಾ ಅವರು 2016ರಲ್ಲಿ ದೆಹಲಿಯಲ್ಲಿ ತೀರಿಕೊಂಡರು; ಅವರ ಇಚ್ಛೆಯಂತೆ ಇಲ್ಲಿ ತಂದೆಯ ಗೋರಿಯ ಪಕ್ಕದಲ್ಲಿಯೇ ಮಣ್ಣುಮಾಡಿದ್ದಾರೆ. ನದಿಗೆಂದು ಕೊಂಡಿದ್ದ ಚೆಂಡುಹೂಗಳಲ್ಲಿ ಎರಡನ್ನು ಗೃಹಿಣಿಯು ಉಳಿಸಿಕೊಂಡಿದ್ದಳು. ಏಕೆಂದು ನಾವು ಕೇಳಿರಲಿಲ್ಲ. ಅವನ್ನು ಅಲ್ಲಿಟ್ಟಳು.

ಚಿತ್ರವು ಇನ್ನೂ ಗೋಡೆಯಲ್ಲಿಯೇ ಇದೆ. ಅರ್ಥವಾಯಿತೆಂದು ಹೇಳಲಾರೆವು. ಸಂಜೆ ಪಶ್ಚಿಮದ ಕಿಟಕಿಯ ಬಿಸಿಲು ಮೊದಲು ಹಳದಿಯನ್ನು, ಬಳಿಕ ಕೆಂಪನ್ನು ಮುಟ್ಟುವುದು. ಕರಿಯ ದುಂಡಿನ ಮೇಲಣ ಗಾಜಿನಲ್ಲಿ ನಮ್ಮ ಮುಖವೇ ಕಾಣುವುದು. ಆ ಹೊತ್ತಿಗೆ ನೆರೆಮನೆಯ ಹುಡುಗನು ಸಂಸ್ಕೃತ ಪಾಠಕ್ಕೆ ಬರುವನು. ರಾಮಶಬ್ದವನ್ನು ನಡುವೆಯೇ ಬಿಟ್ಟು ಒಮ್ಮೊಮ್ಮೆ ಅದನ್ನು ನೋಡುತ್ತ ಕುಳಿತುಬಿಡುವನು. ಅವನು ನೋಡಿ ಮುಗಿಸುವವರೆಗೆ ನಾವು ಮುಂದಿನ ವಿಭಕ್ತಿಗೆ ಹೋಗುವುದಿಲ್ಲ.